ಕಾಲೇಜಿನ ಎದುರು ಮನೆ

ಈ ಮನೆ ಅಪ್ಪನಿಗೆ ಹಿಡಿಸದಿದ್ದರೆ ಸಾಕು ಎಂದು ತಾನು ಹಾರೈಸುತ್ತಿರುವುದು ಯಾರಿಗಾದರೂ ಗೊತ್ತಾದೀತೇ ಎಂಬ ಅಳುಕಿನಲ್ಲೇ ಅವಳು ಮೂರನೆಯ ಮಹಡಿಯ ಮೆಟ್ಟಿಲು ಹತ್ತಿದಳು. ಅಪ್ಪನಿಗೆ ಬೇರೆ ರಾಜ್ಯದ ಈ ಊರಿಗೆ ವರ್ಗವಾಗಿತ್ತು. ಬೆಳಗಿನಿಂದ ಬಡಾವಣೆಯಿಂದ ಬಡಾವಣೆಗೆ ಅಲೆದು ಅಪ್ಪ, ಅಮ್ಮ, ಅವಳು ಮೂವರೂ ಸೋತು ಸುಣ್ಣವಾಗಿದ್ದರು. ಇಲ್ಲಿಂದ ಅಪ್ಪ ಕೆಲಸ ಮಾಡುವ ಮುದ್ರಣಾಲಯಕ್ಕೆ ಎರಡು ಬಸ್ಸು ಬದಲಿಸಬೇಕು. ಅವಳು ಎಂ.ಎ.ಗೆ ಸೇರಬೇಕಾದ ಕಾಲೇಜು ಮಾತ್ರ ರಸ್ತೆಯ ಆಚೆ ಬದಿಗೇ ಇತ್ತು.

ಅಪ್ಪ ಏದುಸಿರು ಬಿಡುತ್ತ ಮೇಲೆ ಬಂದವರು, ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ ಬಗ್ಗಿ, ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡರು.

"ಲಿಫ್ಟ್ ಇಲ್ವಲ್ಲ ರೀ," ಎಂದಳು ಅಮ್ಮ.

"ಇದ್ದಿದ್ರೆ ನನ್ನ ಹೊಟ್ಟೆ ಕರಗೋದು ಯಾವಾಗ? ಇವಳು ಬೆಲ್ ಹೊಡೆದ ಮೇಲೆ ಮನೆ ಬಿಟ್ರೂ ಕ್ಲಾಸಲ್ಲಿ ಹೋಗಿ ಕೂರಬಹುದು. ಇನ್ನೇನು ಬೇಕು? ಇದನ್ನೇ ಮುಗಿಸಿಬಿಡಿ ಸ್ವಾಮಿ."

ಮನೆ ತೋರಿಸುತ್ತಿದ್ದ ದಲ್ಲಾಳಿ ಬೀಗದ ಕೈ ಮುಂದೆ ಹಿಡಿದ. ಅಪ್ಪ ಕೈ ಚಾಚಿದರು.

"ಬೇಡ ಅಪ್ಪ," ಎಂದಳು ಅವಳು. "ಪ್ರೆಸ್ಸಿನ ಹತ್ತಿರಾನೇ ನೋಡೋಣ."

"ನನ್ನ ಕಾಲಿನ ಚಿಂತೆ ನಿನಗ್ಯಾಕೆ ಮಗಳೇ? ಇದು ಹಳೇ ಗಾಡಿ, ಕಿರುಗುಟ್ಟಿಕೊಂಡೇ ಓಡುತ್ತೆ."

ಅಮ್ಮ ಹೆಮ್ಮೆಯಿಂದ ಅವಳ ಬೆನ್ನು ಸವರಿದಳು. ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದರೆ ಸಾಕಿತ್ತು, ಈ ಮನೆಯೂ ತಪ್ಪುತ್ತಿತ್ತು, ಕಾಲೇಜು ದೂರವಾದರೂ ಸರಿಯೆಂದು ಅಪ್ಪನಿಗಾಗಿ ಓದು ಬಿಟ್ಟವಳೆಂಬ ಹೆಸರೂ ಬರುತ್ತಿತ್ತು. ಆದರೆ ಅಪ್ಪನ ಒಂದು ಕೈ ಇನ್ನೂ ಮಂಡಿಯ ಮೇಲೇ ಇತ್ತು.

"ನಿಮ್ಮ ಕಾಲಿಗೋಸ್ಕರ ಅಲ್ಲ ಅಪ್ಪ," ಎಂದಳು. "ನನಗೇ ಇನ್ನು ಓದೋ ಮನಸ್ಸಿಲ್ಲ."