ದೇಚಮ್ಮನ ಜೀಪು ನೆಲ ಬಿಟ್ಟದ್ದು

ಮಕ್ಕಳ ನಗು ಕೇಳಿದರೆ ಕೋವಿಗಳು ಗಾಳಿಯಲ್ಲಿ ತೇಲುತ್ತಿದ್ದ ಕಾಲ. ಕೋವಿಯೊಡನೆ ಶಾಲೆಯ ಮುಂದೆ ಹಾದುಹೋಗುವವರು ಗುಂಡು ತೆಗೆದು, ಕೋವಿಯ ಪೆಟ್ಟಿಗೆಗೆ ಬೀಗ ಹಾಕಿ, ಅದನ್ನು ಗಾಡಿಗೆ ಬಿಗಿಯಬೇಕೆಂದು ಕಾನೂನಿತ್ತು.

ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೊರಟ ದೇಚಮ್ಮ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು. ಆದರೆ ಶಾಲೆಯೆದುರೇ ಜೀಪು ಕೆಟ್ಟಿತು. ಅತ್ತ ಪಂದ್ಯ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಊಟದ ಗಂಟೆ ಹೊಡೆದು ಮಕ್ಕಳು ನಗುತ್ತ ಹೊರಬಂದರು. ಪೆಟ್ಟಿಗೆಯ ಜೊತೆ ಜೀಪೂ ಮೇಲೆದ್ದಿತು!

"ನಗಬೇಡ್ರೋ!" ಎಂದು ಮೇಷ್ಟ್ರು ಗದರಿದರು. ನಗು ಇನ್ನೂ ಹೆಚ್ಚಾಯಿತು.

ಜೀಪಿನೊಳಗೆ ಹೆದರಿ ಕಣ್ಣು ಮುಚ್ಚಿದ್ದ ದೇಚಮ್ಮ ಮೆಲ್ಲನೆ ಕಣ್ಣು ಬಿಟ್ಟಳು. ಗುಡ್ಡದಾಚೆ ಪಂದ್ಯದ ಮೈದಾನ ಕಂಡಿತು. ಗಾಳಿಯೂ ಅತ್ತಲೇ ಬೀಸುತ್ತಿತ್ತು.

"ನಗ್ರೋ ಮಕ್ಕಳೇ, ಇನ್ನೂ ಜೋರಾಗಿ ನಗ್ರಿ!" ಎಂದು ಕೂಗಿದಳು.

ಗಾಳಿಗೆ ತೇಲುತ್ತ ಗುಡ್ಡ ದಾಟಿದ ಜೀಪು, ನಗು ದೂರವಾದಂತೆ ಮೆಲ್ಲಗೆ ಇಳಿದು ತೀರ್ಪುಗಾರರ ಮುಂದೆಯೇ ನಿಂತಿತು. ಅವರು ಬಾಯಿ ಬಿಟ್ಟುಕೊಂಡು ನೋಡಿದರು.

"ತಡವಾಯ್ತು ಅಣ್ಣಾ," ಎಂದು ದೇಚಮ್ಮ ಸೆರಗು ಸರಿಪಡಿಸಿಕೊಂಡಳು, "ದಾರೀಲಿ ಮಕ್ಕಳು ಸಿಕ್ಕಿದ್ರು."