ಫೋನ್ ಬಿಟ್ಟು ಬಂದವಳು

“ಫೋನ್ ಎಲ್ಲಿಟ್ಟಿದ್ದೀಯ?” ಬಾಗಿಲನ್ನು ಅರ್ಧವಷ್ಟೇ ತೆರೆದು ಅಕ್ಕ ಕೇಳಿದಳು.

“ತಂದಿಲ್ಲ ಅಕ್ಕಾ, ಮನೇಲೇ ಬಿಟ್ಟು ಬಂದೆ.” ಪುಟ್ಟಿ ಹೊಸ್ತಿಲಾಚೆಯೇ ನಿಂತು ಹೇಳಿದಳು. ಅಕ್ಕನೆಂದರೆ ಒಡಹುಟ್ಟಿದವಳಲ್ಲ, ಬಟ್ಟೆ ಫ್ಯಾಕ್ಟರಿಯಲ್ಲಿ ಪಕ್ಕದ ಮೆಷಿನ್ನಿನಲ್ಲಿ ಕೂತು ಅವಳಿಗೆ ಕೈಹಿಡಿದು ಹೊಲಿಗೆ ಕಲಿಸಿದವಳು. ಮನೆಮನೆಗೆ ನಡೆದು, ಒಬ್ಬೊಬ್ಬರ ಕಿವಿಯಲ್ಲಿ ಮಾತಾಡಿ, ಮ್ಯಾನೇಜರಿಗೆ ಸುಳಿವೂ ಸಿಗದಂತೆ ಕೆಲಸಗಾರರ ಸಂಘ ಕಟ್ಟಿದವಳು. “ಎಷ್ಟು ಚಪ್ಪಲಿ ಸವೆಸ್ತೀಯ, ಫೋನಲ್ಲಿ ನಾನೊಂದು ಗ್ರೂಪ್ ಮಾಡ್ತೀನಿ ಬಿಡು” ಎಂದು ಪುಟ್ಟಿಯೇ ನಕ್ಕಿದ್ದಳು. ಸಭೆಯ ಫೋಟೋವನ್ನೂ ಹೆಮ್ಮೆಯಿಂದ ಅದಕ್ಕೆ ಹಾಕಿದ್ದಳು. ಗ್ರೂಪಿನಲ್ಲಿದ್ದ ಯಾರೋ ಅದನ್ನು ಮ್ಯಾನೇಜರಿಗೆ ದಾಟಿಸಿದರು. ಫೋಟೋದ ನಡುವೆ ನಿಂತಿದ್ದ ಅಕ್ಕನ ಕೆಲಸ ಹೋಯಿತು. ಆಮೇಲೆ ಊರಿನ ಯಾವ ಫ್ಯಾಕ್ಟರಿಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ.

“ಇನ್ನು ನಾನೂ ನಿನ್ನ ಹಾಗೆ ನಡ್ಕೊಂಡೇ ಹೋಗ್ತೀನಿ ಅಕ್ಕಾ. ಯಾರ ಮನೆಯಿಂದ ಶುರು ಮಾಡ್ಲಿ, ಅಷ್ಟು ಹೇಳು ಸಾಕು.”

ಅಕ್ಕ ಬಾಗಿಲನ್ನು ಪೂರ್ತಿ ತೆರೆದಳು. “ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಆದ್ರೆ ನಂಬೋಕೆ ಧೈರ್ಯ ಸಾಲ್ತಿಲ್ಲ” ಎನ್ನುತ್ತ ಹೊಸ್ತಿಲು ದಾಟಿ ಬಂದಳು. ಪುಟ್ಟಿಯ ಚೀಲದೊಳಗೆ ಕೈಹಾಕಿ ತಡಕಿದಳು. ಆಮೇಲೆ ಸೊಂಟ ಮುಟ್ಟಿ ನೋಡಿದಳು. ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದಳು.

ದಿನಾ ಸಂಜೆ ಫ್ಯಾಕ್ಟರಿ ಗೇಟಿನಲ್ಲಿ ಕಾವಲಿನವರ ಮುಂದೆ ತಪಾಸಣೆಗೆ ನಿಲ್ಲುವಂತೆ, ಪುಟ್ಟಿ ತಾನಾಗಿಯೇ ಎರಡೂ ಕೈ ಮೇಲೆತ್ತಿ ನಿಂತಳು.