ಬಿತ್ತಿದವರ ಹೆಸರು

“ಈ ತೊಗರಿ ಬಿತ್ತಿದವರು ಯಾರು?” ಬೆಳೆ ಸಮೀಕ್ಷೆಯ ಮೊಬೈಲ್ ಹಿಡಿದು ಕೇಳಿದೆ.

“ಗೌಡ್ರ ಹೊಲಾರೀ. ನಾ ಬರೇ ಕೂಲಿ,” ಎಂದಳು ನಾಗಿಂದ್ರಮ್ಮ. ಅವಳು ಅರ್ಧ ಪಾಲಿಗೆ ಉಳುತ್ತಾಳೆಂದು ಊರಿಗೆಲ್ಲ ಗೊತ್ತಿತ್ತು.

“ಹೋದ ವರ್ಷ ಬೆಳಿ ಕೊಳೀತಲ್ಲ, ಪರಿಹಾರ ಯಾರಿಗೆ ಬಂತು?”

“ಗೌಡ್ರಿಗೇ.”

“ಈ ಸಲ ಬಿತ್ತಿದವರ ಹೆಸರೇ ಸೇರಿಸ್ತೀವಿ. ಪರಿಹಾರ ನಿನಗೇ ಬರ್ತದ.”

“ಗೌಡ್ರಿಗೆ ಗೊತ್ತಾದ್ರ ನಾಳೀಗೇ ಹೊಲ ಬಿಡಸ್ತಾರ. ನಾವು ಹಕ್ಕ ಕೇಳಬಾರ್ದಂತ ವರ್ಷಾ ವರ್ಷಾ ಹೊಲಾನೇ ಬದಲಿ ಮಾಡ್ತಾರವರು.”

“ಅವರಿಗೆ ಹ್ಯಾಂಗ ಗೊತ್ತಾಗ್ತದ? ನಾ ಹೇಳಂಗಿಲ್ಲ, ನನ್ನಾಣಿ.”

ಅವಳು ಸುತ್ತ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ತೊಗರಿಯ ನಡುವೆ ನಿಂತಳು.

“ಫೋಟೋದಾಗ ಮಾರಿ ಚಂದ ಬರ್ಲಿ ಮತ್ತ. ಆಧಾರ್ ಕಾರ್ಡಿನ್ಯಾಗ ಕಳ್ಳಿ ಕಂಡಂಗ ಕಾಣ್ತೀನಿ.”

ಇಬ್ಬರೂ ನಕ್ಕೆವು. ಹೆಸರು ಸೇರಿಸಿ, ಫೋಟೋ ತೆಗೆದು, ಕಳುಹಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಸಾಲು ಮೂಡಿತು.

“ಏನಂತ ಬಂತ್ರೀ ಅಕ್ಕಾರ?” ಓದು ಬಾರದ ಅವಳು ನಗುನಗುತ್ತಲೇ ಕೇಳಿದಳು.

‘ಸಾಗುವಳಿದಾರರ ಹೆಸರು ಮತ್ತು ಫೋಟೋ ಒಪ್ಪಿಗೆಗಾಗಿ ಭೂಮಾಲೀಕರ ಮೊಬೈಲಿಗೆ ತಲುಪಿದೆ’ ಎಂದಿತ್ತು.